ಆಳದ ಎರೆಗೊಂದು, ತೆಳು ಎರೆಗೊಂದು

ಉತ್ತರಿ ಮಳೆ ಹದವಾಗಿ ಬಿದ್ದರೆ ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಎರೆ ಹೊಲದವರಿಗೆಲ್ಲ ಒಂದೇ ಯೋಚನೆ: ಈ ಸಲ ಯಾವ ಬಿಳಿಜೋಳ ಬಿತ್ತೋಣ? ಬೀಜದಂಗಡಿಯಲ್ಲಿ ಮೊದಲು ಕೇಳುವುದು ಎಕರೆಗೆ ಎಷ್ಟು ಚೀಲ ಬಂದೀತು ಎಂದು. ಅದಕ್ಕೂ ಮುಂಚೆ ಸಲಿಕೆ ಹಿಡಿದು ಹೊಲದ ನಾಲ್ಕಾರು ಕಡೆ ಅಗೆದು, ಗರಸು ಎಷ್ಟು ಆಳಕ್ಕೆ ಹತ್ತುತ್ತದೆಂದು ನೋಡಬೇಕು ಎನ್ನುವವನು ನಾನು.

ಹಿಂಗಾರಿ ಜೋಳ ಮಳೆ ನಂಬಿ ಬೆಳೆಯುವುದಲ್ಲ, ನೆಲದೊಳಗಿನ ಹಸಿ ನಂಬಿ ಬೆಳೆಯುವುದು. ಎರಡಡಿಗೂ ಮಿಕ್ಕಿದ ಎರೆಯಲ್ಲಿ ಆ ಹಸಿ ಕಾಳು ಕಟ್ಟುವವರೆಗೂ ಒದಗುತ್ತದೆ. ಒಂದಡಿಗೇ ಗರಸು ಹತ್ತುವ ಹೊಲ ಹೂ ಬಿಡುವ ಹೊತ್ತಿಗಾಗಲೇ ಬತ್ತಿರುತ್ತದೆ. ಇದ್ದಿಲು ಕೊಳೆ ರೋಗ ಕಾಯುವುದು ಅದನ್ನೇ. ಬುಡ ಟೊಳ್ಳಾಗಿ, ತೆನೆ ಹೊತ್ತ ದಂಟು ಮುರಿದು ಬೀಳುತ್ತದೆ. ಕಾಳು ಜೊಳ್ಳು, ಕಣಿಕೆಯೂ ಹಾಳು. ದಟ್ಟವಾಗಿ ಬಿತ್ತಿ ಯೂರಿಯಾ ಸುರಿದಲ್ಲಿ ಕಾಟ ಇನ್ನೂ ಜಾಸ್ತಿ.

ಆದ್ದರಿಂದ ತೆಳು ಮಣ್ಣಿಗೆ ಬೇಗ ಮಾಗುವ ತಳಿಯೇ ಬೇಕು. ರಾಹುರಿ ಕೃಷಿ ವಿಶ್ವವಿದ್ಯಾಲಯದ ಫುಲೆ ಅನುರಾಧಾ ಇಂಥ ನೆಲಕ್ಕೆಂದೇ ಬಂದದ್ದು. 105ರಿಂದ 110 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅದನ್ನು ಆಳದ ಎರೆಯಲ್ಲಿ ಬಿತ್ತುವವರೂ ಇದ್ದಾರೆ. ಹಾಗೆ ಮಾಡಿದರೆ ನೆಲದಲ್ಲಿ ಉಳಿದ ಹಸಿ ಯಾರಿಗೂ ದಕ್ಕುವುದಿಲ್ಲ.

ಆಳದ ಎರೆಗೆ ನನ್ನ ಮನಸ್ಸು ಇವತ್ತಿಗೂ ಮಾಲದಂಡಿಯತ್ತಲೇ. ಎಂ 35-1 ಎಂಬ ಈ ತಳಿಯನ್ನು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, 1930ರ ದಶಕದಲ್ಲಿ, ಅಲ್ಲಿಯ ಜವಾರಿ ಮಾಲದಂಡಿಯಿಂದಲೇ ಆರಿಸಿ ತೆಗೆದರು. 1964ರಲ್ಲಿ ಸಿ.ಎಸ್.ಎಚ್-1 ಬಂದ ಮೇಲೆ ಮುಂಗಾರಿ ಹೊಲಗಳಿಗೆ ಹೈಬ್ರಿಡ್ ಜೋಳ ನುಗ್ಗಿತು. ಹಿಂಗಾರಿಯಲ್ಲಿ ಮಾತ್ರ ಮಾಲದಂಡಿಯನ್ನು ಕದಲಿಸಲು ಆಗಲಿಲ್ಲ. ಮುತ್ತಿನಂಥ ದುಂಡು ಕಾಳು. ಜಿಗಿ ಇರುವ ಹಿಟ್ಟು, ಬಡಿದಷ್ಟೂ ತೆಳ್ಳಗೆ ಹರಡುತ್ತದೆ, ಅಂಚು ಬಿರಿಯುವುದಿಲ್ಲ. ಕಣಿಕೆಯನ್ನು ದನ ಬುಡದವರೆಗೂ ತಿನ್ನುತ್ತವೆ. ಬರ ಬಿದ್ದ ವರ್ಷ ಒಕ್ಕಲಿಗನ ಕೈ ಹಿಡಿಯುವುದು ಎಷ್ಟೋ ಸಲ ಕಾಳಲ್ಲ, ಕಣಿಕೆಯ ಬಣವೆ. ಇಳುವರಿ ಅಂಕಿ ಕೇಳುವವರ ಲೆಕ್ಕದಲ್ಲಿ ಇದು ಬರುವುದೇ ಇಲ್ಲ!

ವಿಜಯಪುರದ ಸಂಶೋಧನಾ ಕೇಂದ್ರದ ಬಿ.ಜೆ.ವಿ-44 ಇದಕ್ಕೆ ಸರಿಯಾದ ಪೈಪೋಟಿ. ಕಾಳು ಹೆಚ್ಚು ಬೇಕೆನ್ನುವವರು ಅರ್ಧ ಹೊಲಕ್ಕೆ ಹಾಕಿ ನೋಡಲಿ. ರೊಟ್ಟಿಯ ಮಾತು ಬಂದರೆ ನನ್ನ ಮತ ಮಾಲದಂಡಿಗೇ.

ಯಾವುದನ್ನೇ ಬಿತ್ತಿ, ಹಸ್ತ ಮಳೆ ಮುಗಿಯುವುದರೊಳಗೆ ಕೂರಿಗೆ ಹೂಡಿ. ಬೀಜವನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ 8 ತಾಸು ನೆನೆಸಿ, ನೆರಳಲ್ಲಿ ಒಣಗಿಸಿ ಬಿತ್ತಿದರೆ ಸಸಿ ಬರ ತಡೆಯುತ್ತದೆ. ನಾನು ಹೆಸರಿಸಿದ ಹಿಂಗಾರಿ ತಳಿಗಳಾವುವೂ ಹೈಬ್ರಿಡ್ ಅಲ್ಲ, ವರ್ಷವರ್ಷ ಬೀಜ ಕೊಳ್ಳುವ ಖರ್ಚಿಲ್ಲ. ರಾಶಿಗೆ ಮುಂಚೆಯೇ ಹೊಲದಲ್ಲಿ ಓಡಾಡಿ, ಒರಗದೆ ನಿಂತ ದಂಟಿನ ತುಂಬು ತೆನೆಗಳನ್ನು ಆರಿಸಿ ಬೀಜಕ್ಕೆ ಎತ್ತಿಡಿ.