ವ್ಯಾಪಾರದ ಜಾಲತಾಣಗಳ ಪರೀಕ್ಷೆಯೂ ಅಧಿಕಾರಿವಿಚಾರವೂ

ಯಾವುದೇ ಗ್ರಂಥದ ಗುಣದೋಷಗಳನ್ನು ಹೇಳುವುದಕ್ಕೆ ಮುಂಚೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ವಿಚಾರಿಸುವುದು ನಮ್ಮ ಶಾಸ್ತ್ರಪದ್ಧತಿಯು. ಕ್ರಯವಿಕ್ರಯಗಳಿಗೆ ಸಾಧನವಾಗಿರುವ ಜಾಲತಾಣಗಳೂ ಬರಹಗಳೇ ಆದುದರಿಂದ, ಅವುಗಳನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಅನುಚಿತವಾಗಲಾರದು.

ಈ ವಿಷಯದಲ್ಲಿ ಅಂತರರಾಷ್ಟ್ರೀಯ ಮಾನಕಸಂಸ್ಥೆಯು 1998ರಲ್ಲಿ ಒಂದು ಲಕ್ಷಣವನ್ನು ಹೇಳಿ, 2018ರಲ್ಲಿ ಅದನ್ನು ಪರಿಷ್ಕರಿಸಿತು. ನಿರ್ದಿಷ್ಟರಾದ ಬಳಕೆದಾರರು, ನಿರ್ದಿಷ್ಟ ಸಂದರ್ಭದಲ್ಲಿ, ನಿರ್ದಿಷ್ಟ ಉದ್ದೇಶವನ್ನು ಎಷ್ಟು ಸಫಲವಾಗಿ, ಎಷ್ಟು ಅಲ್ಪಶ್ರಮದಿಂದ, ಎಷ್ಟು ತೃಪ್ತಿಯಿಂದ ಸಾಧಿಸಬಲ್ಲರೆಂಬುದೇ ಬಳಕೆಯೋಗ್ಯತೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಜೀವಾಳವಾದ ಪದವು 'ನಿರ್ದಿಷ್ಟರಾದ' ಎಂಬುದು. ಅಂದರೆ ಅಧಿಕಾರಿಯು ಯಾರೆಂಬುದು. ಅದನ್ನು ಮರೆತ ಪರೀಕ್ಷೆಯು ಪರೀಕ್ಷೆಯೇ ಅಲ್ಲ.

ದೃಷ್ಟಾಂತಕ್ಕಾಗಿ ಕೃಷಿಮಾರುಕಟ್ಟೆಯ ದರಪಟ್ಟಿಯನ್ನು ತೆಗೆದುಕೊಳ್ಳೋಣ. 2000ದಲ್ಲಿ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣವೂ, 2014ರಲ್ಲಿ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯೂ, 2016ರಲ್ಲಿ ಇ-ನಾಮ್ ಎಂಬುದೂ ಆರಂಭವಾದವು. ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೂರು ದರಗಳಿರುತ್ತವೆ: ಕನಿಷ್ಠ, ಗರಿಷ್ಠ, ಮಾಡಲ್. ಈ ಮೂರನೆಯದನ್ನು ಕನ್ನಡದಲ್ಲಿ 'ಮಾದರಿ' ಎಂದು ಬರೆಯುವ ವಾಡಿಕೆಯುಂಟು. ಅದರ ನಿಜವಾದ ಅರ್ಥವು ಅಂದು ಅತಿ ಹೆಚ್ಚಿನ ಮಾಲು ಮಾರಾಟವಾದ ದರವೆಂಬುದು. ಆದರೆ ಹಿರಿಯೂರು ತಾಲ್ಲೂಕಿನ ಆದಿವಾಲದ ಬೇಸಾಯಗಾರನಿಗೆ ಮಾದರಿ ಎಂದರೆ ತೋರಿಸಲು ತಂದ ನಮೂನೆ. ಒಂದು ಶಾಸ್ತ್ರದಲ್ಲಿ ಮಾತ್ರ ಪ್ರಸಿದ್ಧವಾದ ಅರ್ಥದಲ್ಲಿ ಪದವನ್ನು ಪ್ರಯೋಗಿಸುವುದನ್ನು ಮಮ್ಮಟನು ಅಪ್ರತೀತದೋಷವೆಂದು ಹೆಸರಿಸಿದ್ದಾನೆ. ಇಲ್ಲಿರುವುದು ಅದೇ; ಶಾಸ್ತ್ರ ಮಾತ್ರ ಸಂಖ್ಯಾಶಾಸ್ತ್ರ.

ಇದು ಕೇವಲ ಪದಕಲಹವಲ್ಲ. ಒಂದು ದಿನ 20 ರಾಶಿ ಈರುಳ್ಳಿ ಬಂದು, 1 ರಾಶಿಯು ಕ್ವಿಂಟಾಲಿಗೆ 3000 ರೂಪಾಯಿಗೂ, 14 ರಾಶಿಗಳು 1800ಕ್ಕೂ, 5 ರಾಶಿಗಳು 1200ಕ್ಕೂ ಹೋದುವೆಂದು ಕಲ್ಪಿಸೋಣ. ಮಾಡಲ್ ದರ 1800, ಸರಾಸರಿ 1710. ಮೂರನೆಯ ಅಂಕಣವು ಅರ್ಥವಾಗದವನು ಗರಿಷ್ಠವಾದ 3000ವನ್ನೇ ನಂಬಿ, ಬಾಡಿಗೆ ತೆತ್ತು ಮಾಲನ್ನು ದೂರದ ಪೇಟೆಗೆ ಸಾಗಿಸಿಯಾನು. ವರ್ತಕನಿಗಾದರೋ ಆ ಪದದ ಅರ್ಥವು ಮೊದಲೇ ತಿಳಿದಿರುತ್ತದೆ. ಕಾವ್ಯದಲ್ಲಿ ಅಪ್ರತೀತವು ರಸಕ್ಕೆ ಹಾನಿ. ಇಲ್ಲಿ ಅದು ಒಬ್ಬನ ಕೈಯಿಂದ ಮತ್ತೊಬ್ಬನ ಕೈಗೆ ಹೋಗುವ ಹಣ.

ಪರೀಕ್ಷೆಯ ಕ್ರಮವಾದರೂ ಹೇಗೆ? ಜೇಕಬ್ ನೀಲ್ಸನ್ ಎಂಬ ವಿದ್ವಾಂಸನು ಐದು ಮಂದಿಯಿಂದ ಪರೀಕ್ಷಿಸಿದರೆ ಸುಮಾರು ನೂರಕ್ಕೆ 85 ದೋಷಗಳು ಹೊರಬೀಳುವುವೆಂದು ಪ್ರತಿಪಾದಿಸಿದನು. ಒಬ್ಬೊಬ್ಬನಿಂದ ನೂರಕ್ಕೆ 31 ದೋಷಗಳು ಗೋಚರವಾಗುವುವೆಂಬುದು ಆ ಗಣಿತದ ಮೂಲ. ಈ ಮಾತನ್ನು ಹಿಡಿದು ಕಚೇರಿಯ ಐವರು ಗುಮಾಸ್ತರನ್ನು ಕೂರಿಸಿದರೆ ದೊರೆಯುವುದು ಗುಮಾಸ್ತರಿಗೆ ತೊಡಕಾದ ದೋಷಗಳು ಮಾತ್ರ. ಅಧಿಕಾರಿಗಳಲ್ಲಿ ಭೇದವಿರುವಾಗ ಪ್ರತಿಯೊಂದು ವರ್ಗದವರನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಆದಿವಾಲದವನ ಕೈಗೇ ದರಪಟ್ಟಿಯನ್ನಿತ್ತು, "ನಿಮ್ಮ ಈರುಳ್ಳಿಗೆ ಇಂದು ಯಾವ ದರವನ್ನು ನಿರೀಕ್ಷಿಸುವಿರಿ?" ಎಂದು ಕೇಳಿ ಸುಮ್ಮನಿರತಕ್ಕದ್ದು. ಉಪಾಧ್ಯಾಯನು ತಾನೇ ಅನ್ವಯ ಹೇಳಿಕೊಟ್ಟು, ವಿದ್ಯಾರ್ಥಿಗೆ ಪದ್ಯವು ತಿಳಿಯಿತೆಂದರೆ ಯಾರು ಒಪ್ಪುವರು?

ಬಳಸುತ್ತ ಬಂದರೆ ಪದವು ತಾನೇ ರೂಢಿಯಾಗುವುದೆಂದು ಕೆಲವರು ಆಕ್ಷೇಪಿಸಬಹುದು. ನಿಜ, ಆದರೆ ರೂಢಿಯಾಗುವ ತನಕ ಆಗುವ ನಷ್ಟವನ್ನು ತೆರುವವನು ಪದವನ್ನು ಹಾಕಿದವನಲ್ಲ. 'ಹೆಚ್ಚು ಮಾಲು ಹೋದ ದರ' ಎಂದು ಬರೆದರೆ ಸ್ಥಳವು ತುಸು ಹೆಚ್ಚು ಬೇಕಾದೀತು. ಅರ್ಥವು ಮಾತ್ರ ಕೂಡಲೇ ಹೊಳೆಯುವುದು. ಪ್ರಸಾದಗುಣವೆಂದರೆ ಇದೇ. ಕನ್ನಡವನ್ನು ಬೋಧಿಸುವವರು ಇಂತಹ ಪುಟಗಳ ಪರಿಶೋಧನೆಯನ್ನು ಯಂತ್ರಜ್ಞರಿಗೇ ಬಿಟ್ಟುಕೊಡದೆ, ತಮ್ಮ ಊರಿನ ಅಧಿಕಾರಿಗಳನ್ನು ಕೂಡಿಕೊಂಡು ತಾವೂ ಕೈಕೊಳ್ಳುವುದು ಯುಕ್ತವು.