‘ಎಲ್ಲೋ’ ಕಟ್ಟಿದ ಹಡಗು

ಸಕಲೇಶಪುರದ ಮಳೆಗಾಲ ಓದಿಗೆ ಹೇಳಿ ಮಾಡಿಸಿದ್ದು. ಈ ಸಲ ನಾನು ಹಿಡಿದು ಕುಳಿತದ್ದು ಜೋಸೆಫ್ ಕಾನ್ರಡನ ‘ದಿ ಮಿರರ್ ಆಫ್ ದ ಸೀ’ (1906). ಕಡಲನ್ನು ಕುರಿತ ಗದ್ಯದಲ್ಲಿ ಇದಕ್ಕೆ ಸರಿಗಟ್ಟುವುದು ವಿರಳ. ಹಾಯಿ, ಹಗ್ಗ, ಲಂಗರುಗಳನ್ನು ಅವನು ಅಲಂಕಾರಕ್ಕೆಂದು ತರುವುದಿಲ್ಲ. ಕಸುಬುದಾರನು ತನ್ನ ಹತಾರವನ್ನು ಹಿಡಿದಂತೆ ಹಿಡಿಯುತ್ತಾನೆ.

ಅಲ್ಲಿ ‘ಟ್ವೀಡ್’ ಎಂಬ ಹಡಗಿನ ಮಾತು ಬರುತ್ತದೆ. ಅದರ ವೇಗಕ್ಕೆ ಬೆರಗಾಗಿ, ಅಂಥ ಮೈಕಟ್ಟು ಪ್ರತಿಭೆಯಿಂದ ಬಂದದ್ದೋ ಅದೃಷ್ಟದಿಂದ ಬಂದದ್ದೋ ಹೇಳಲಾಗದು ಎನ್ನುತ್ತಾನೆ. ಪೂರ್ವದೇಶದಲ್ಲಿ ಎಲ್ಲೋ ತೇಗದಿಂದ ಕಟ್ಟಿದ್ದೆಂದು ಹೇಳಿ ಮುಂದೆ ಸಾಗುತ್ತಾನೆ. ನನ್ನ ತಕರಾರು ಇರುವುದು ಈ ‘ಎಲ್ಲೋ’ ಎಂಬುದರ ಮೇಲೆ.

ಆ ‘ಎಲ್ಲೋ’ ಎಂದರೆ ಮುಂಬಯಿ ಡಾಕ್‌ಯಾರ್ಡು. 1854ರಲ್ಲಿ ವಾಡಿಯಾ ಮನೆತನದ ಪಾರ್ಸಿ ಶಿಲ್ಪಿಗಳು ಇಂಡಿಯನ್ ನೇವಿಗಾಗಿ ಕಟ್ಟಿದ ‘ಪಂಜಾಬ್’ ಎಂಬ ಉಗಿ ಫ್ರಿಗೇಟು ಅದು. ಇಕ್ಕೆಲಗಳಲ್ಲಿ ದೊಡ್ಡ ಚಕ್ರಗಳು. ಈ ಬಗೆಯ ಹಡಗಿಗೆ ಹುಟ್ಟಿನಿಂದಲೇ ಒಂದು ಸಂಕಟ: ಫಿರಂಗಿಗಳು ಸಾಲಾಗಿ ನಿಲ್ಲಬೇಕಾದ ಮಗ್ಗುಲನ್ನು ಚಕ್ರವೇ ಆಕ್ರಮಿಸುವುದು, ಶತ್ರುವಿನ ಗುಂಡಿಗೆ ಸುಲಭವಾಗಿ ಸಿಕ್ಕುವುದೂ ಅದೇ. ಕಲ್ಲಿದ್ದಲು ಉರಿದಂತೆಲ್ಲ ಹಡಗು ಹಗುರಾಗಿ ಮೇಲೇಳುವುದು, ಚಕ್ರಕ್ಕೆ ನೀರಿನ ಹಿಡಿತ ತಪ್ಪುವುದು. ನೀರಿನಡಿಯಲ್ಲಿ ತಿರುಗುವ ಪ್ರೊಪೆಲರು ಬಂದಮೇಲೆ ಯುದ್ಧನೌಕೆಗಳಲ್ಲಿ ಚಕ್ರದ ಕಾಲ ಮುಗಿಯಿತು. 1863ರಲ್ಲಿ ಇಂಡಿಯನ್ ನೇವಿಯೇ ರದ್ದಾಯಿತು. ಹಡಗನ್ನು ಕೊಂಡ ಜಾನ್ ವಿಲ್ಲಿಸನು ಯಂತ್ರವನ್ನು ಕಿತ್ತು, ಹಾಯಿ ಏರಿಸಿ, ‘ಟ್ವೀಡ್’ ಎಂದು ಹೆಸರಿಟ್ಟನು. ಉಗಿ ಆರಿದ ಮೇಲೂ ಓಟ ಉಳಿಯಿತೆಂದರೆ ಅದು ಅದೃಷ್ಟವಲ್ಲ, ಕಸುಬು.

ಆ ಹಡಗಿನ ಚಾಕರಿಯೂ ಒಂದೇ ಬಗೆಯದಲ್ಲ. 1857ರ ನವೆಂಬರ್ 22ರಂದು ಢಾಕಾದಲ್ಲಿ ಸಿಪಾಯಿಗಳ ಮೇಲೆ ಬಿದ್ದ ನಾವಿಕರಲ್ಲಿ ‘ಪಂಜಾಬ್’ ಹಡಗಿನವರಿದ್ದರು. ಎಪ್ಪತ್ತರ ದಶಕದ ಮಹಾಕ್ಷಾಮದಲ್ಲಿ ಅದೇ ಹಡಗು ರಂಗೂನಿನಿಂದ ಮದರಾಸಿಗೆ ಅಕ್ಕಿ ಹೊತ್ತು ಧಾವಿಸಿತೆಂದು ಕಾನ್ರಡನೇ ಬರೆಯುತ್ತಾನೆ. ಅಲ್ಲಿಯೂ ಅವನ ಕಣ್ಣು ವೇಗದ ಮೇಲೆ. 1876–78ರ ಆ ಕ್ಷಾಮ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ನುಂಗಿತು. ಅಕ್ಕಿಗಾಗಿ ಕಾದು ಕುಳಿತವರ ಕಡೆಯಿಂದ ನೋಡಿದರೆ ಆ ಓಟಕ್ಕೆ ಬೇರೆಯೇ ಅರ್ಥ ಬರುವುದಿಲ್ಲವೆ?

ಆದರೆ ಕಾನ್ರಡನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಮುಂಬಯಿಯ ಹಡಗುಗಳಿಗೆ ತೇಗ ಹೋಗುತ್ತಿದ್ದುದು ಮಲಬಾರು, ಕೆನರಾ ಕಾಡುಗಳಿಂದ. ನಮ್ಮ ಸಕಲೇಶಪುರ, ಆಲೂರಿನ ಗುಡ್ಡಗಳು ಅದೇ ಸಹ್ಯಾದ್ರಿಯ ಮಗ್ಗುಲಿನವು. ಆದರೂ ನಮ್ಮ ಕಾವ್ಯದಲ್ಲಿ ಹಡಗೆಂದರೆ ಬಹುಮಟ್ಟಿಗೆ ಸಂಸಾರಸಾಗರವನ್ನು ದಾಟಿಸುವ ರೂಪಕವೇ. ಮರ ಕಡಿದವನ ಕೊಡಲಿ, ಹಲಗೆ ಕೂಡಿಸಿದವನ ಉಳಿ ಆ ರೂಪಕದಲ್ಲಿ ಮುಳುಗಿಹೋದವು. ಅವನು ಊರನ್ನು ಮರೆತ. ನಾವು ಹಡಗನ್ನೇ ಮರೆತೆವು.

ಮಂಜರಾಬಾದ್ ಕೋಟೆಯ ಮೇಲಿಂದ, ಮೋಡವಿಲ್ಲದ ದಿನ, ಪಡುವಣ ಕಡಲು ಕಾಣುತ್ತದೆಂದು ಇಲ್ಲಿಯವರು ಹೇಳುತ್ತಾರೆ. ಮೊನ್ನೆ ವಿದ್ಯಾರ್ಥಿಗಳೊಡನೆ ಹತ್ತಿದಾಗ ಮಂಜಿನ ಹೊರತು ಏನೂ ಕಾಣಲಿಲ್ಲ. “ಕಡಲು ಎಲ್ಲಿ ಸಾರ್?” ಎಂದು ಒಬ್ಬಳು ಕೇಳಿದಳು. “ಅಲ್ಲೆಲ್ಲೋ” ಎಂದುಬಿಟ್ಟೆ. ಮರುಕ್ಷಣವೇ ನಾಲಗೆ ಕಚ್ಚಿಕೊಂಡೆ.