ನೆರಳು ಕಡಿಮೆ, ಟೈಲ್ಸ್ ಜಾಸ್ತಿ

ಬೆಂಗಳೂರಿನ ಪಾರ್ಕು ಎಂದರೆ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎಂದೇ ಮಾತು. ಆದರೆ ಮಂಡಿನೋವಿನ ಅಜ್ಜಿ ಮೊಮ್ಮಗುವಿನ ಕೈ ಹಿಡಿದು ದಿನವೂ ಹೋಗಿಬರಬಹುದಾದದ್ದು ಪಕ್ಕದ ಕ್ರಾಸಿನ ಅರ್ಧ ಎಕರೆ ಪಾರ್ಕಿಗೆ ಮಾತ್ರ. ಆ ಸಣ್ಣ ಜಾಗಗಳನ್ನು ನಾವು ನಡೆಸುತ್ತಿರುವ ರೀತಿ ಸರಿಯಿಲ್ಲ.

ಜಾಗ ಉಳಿಸಿಕೊಳ್ಳುವುದರಲ್ಲಿ ಈ ಊರಿನ ಜನ ಹಿಂದೆ ಬಿದ್ದವರಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಬಿಡಿಎ, ಸರ್ಕಾರದ ಒಪ್ಪಿಗೆಯೊಂದಿಗೆ, ನರ್ಸಿಂಗ್ ಹೋಂ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಕೊಟ್ಟಾಗ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಟ್ರಸ್ಟಿನ ಮೇಲ್ಮನವಿಯನ್ನು ವಜಾ ಮಾಡಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದ ನಿಲ್ಲಲಿಲ್ಲ. ಪಾರ್ಕು ಎಲ್ಲರದು, ಖಾಸಗಿ ನರ್ಸಿಂಗ್ ಹೋಂ ಹಾಗಲ್ಲ. ಪಾರ್ಕು ಕೈತಪ್ಪುವಾಗ ಕೇಳುವ ಹಕ್ಕು ಆ ಬಡಾವಣೆಯವರಿಗೆ ಇದೆ ಎಂಬುದು ತೀರ್ಪಿನ ಸಾರ. ಕಾನೂನು ವಿದ್ಯಾರ್ಥಿಗಳು ಈಗಲೂ ಓದುವ ತೀರ್ಪದು. ಪಾರ್ಕು, ಆಟದ ಮೈದಾನಗಳ ರಕ್ಷಣೆಗೆಂದೇ 1985ರ ಕಾಯ್ದೆಯೂ ಇದೆ.

ಹೀಗೆ ಉಳಿಸಿಕೊಂಡ ಜಾಗದಲ್ಲಿ ಆಗುತ್ತಿರುವುದೇನು? ಅನುದಾನ ಬಂದಾಗಲೆಲ್ಲ ಮೊದಲು ಬರುವುದು ಇಂಟರ್‌ಲಾಕ್ ಟೈಲ್ಸ್. ಹೊಂಗೆಮರದ ಬುಡಕ್ಕೆ ಒತ್ತಿಕೊಂಡೇ ಸಿಮೆಂಟಿನ ಕಟ್ಟೆ ಏಳುತ್ತದೆ. ಬೇರು ದಪ್ಪವಾದಂತೆ ಕಟ್ಟೆ ಬಿರುಕು ಬಿಡುತ್ತದೆ, ಮರುವರ್ಷ ಅದರ ಮೇಲೇ ಮತ್ತೊಂದು ಪದರ ಗಾರೆ. ಬಿದ್ದ ಮಳೆ ಇಂಗುವುದಕ್ಕೆ ಮಣ್ಣೇ ಕಾಣದೆ ಚರಂಡಿ ಸೇರುತ್ತದೆ. ಉದುರಿದ ಎಲೆಯನ್ನು ಅಲ್ಲೇ ಗುಂಡಿ ತೆಗೆದು ಗೊಬ್ಬರ ಮಾಡುವ ಬದಲು ಗೋಣಿಚೀಲಕ್ಕೆ ತುಂಬಿ ಗೇಟಿನಾಚೆ ಇಡುತ್ತಾರೆ. ಒಂದು ಮೂಲೆಯಲ್ಲಿ ನೆತ್ತಿಸುಡುವ ಬಿಸಿಲಿಗೆ ಕಬ್ಬಿಣದ ಜಿಮ್ ಸಾಮಾನು. ನಡುವೆ ಹುಲ್ಲುಹಾಸು, ಅದರ ಮೇಲೆ ಕಾಲಿಡಬಾರದೆಂಬ ಬೋರ್ಡು. 1890ರ ದಶಕದಲ್ಲಿ ರೂಪುಗೊಂಡ ಬಸವನಗುಡಿಯಲ್ಲಿ ಕೃಷ್ಣರಾವ್ ಪಾರ್ಕಿನ ಹಳೆಯ ಮರಗಳ ಕೆಳಗೆ ಒಮ್ಮೆ ಕೂತು ಬಂದವರಿಗೆ, ಪಾರ್ಕಿಗೆ ಮೊದಲು ಬೇಕಾದದ್ದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಗೇಟಿನ ಬೀಗ. ಎಷ್ಟೋ ಪಾರ್ಕುಗಳಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿದವರು ಹೊರಟ ಮೇಲೆ ಬಾಗಿಲು ಹಾಕಿಕೊಂಡರೆ ಮತ್ತೆ ತೆಗೆಯುವುದು ಮಧ್ಯಾಹ್ನ ಕಳೆದ ಮೇಲೆ. ಮನೆಗೆಲಸದವರು ಎರಡು ಮನೆಗಳ ನಡುವೆ ಡಬ್ಬಿ ಬಿಚ್ಚಲು, ಡೆಲಿವರಿ ಹುಡುಗರು ಒಂದು ಗಳಿಗೆ ಹೆಲ್ಮೆಟ್ ಕೆಳಗಿಡಲು ನೆರಳು ಹುಡುಕುವುದು ಅದೇ ಹೊತ್ತಿನಲ್ಲಿ. ಪಾರ್ಕಿನ ನೆರಳು ಒಳಗಿದ್ದು ಅವರು ಕಾಂಪೌಂಡಿನ ಹೊರಗೆ ಫುಟ್‌ಪಾತಿನ ಮೇಲೆ ಕೂರುತ್ತಾರೆ. 2024ರಲ್ಲಿ ಪಾಲಿಕೆ, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಪಾರ್ಕುಗಳು ತೆರೆದಿರಬೇಕೆಂದು ಹೇಳಿದ್ದು ಒಳ್ಳೆಯ ಕೆಲಸ. ಆದರೆ ಕಾವಲಿನವರಿಲ್ಲದೆ, ದೀಪವಿಲ್ಲದೆ, ಶುಚಿಯಾದ ಶೌಚಾಲಯವಿಲ್ಲದೆ ಸಮಯ ಹೆಚ್ಚಿಸಿದರೆ ಹೆಣ್ಣುಮಕ್ಕಳಿಗೆ ಅದರಿಂದ ಪ್ರಯೋಜನವಾಗದು.

ಬೀಗ ಬೇಕೆನ್ನುವ ನಿವಾಸಿ ಸಂಘಗಳ ಭಯ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. ಬಾಟಲಿ ಬೀಳುತ್ತದೆ, ಪುಂಡಾಟಿಕೆ ನಡೆಯುತ್ತದೆ. ಅದಕ್ಕೆ ಮದ್ದು ಪಾರ್ಕಿನಲ್ಲಿ ಎಲ್ಲ ಹೊತ್ತಿನಲ್ಲೂ ಜನ ಓಡಾಡುವಂತೆ ಮಾಡುವುದು. ಖಾಲಿ ಜಾಗಕ್ಕೇ ಕಿಡಿಗೇಡಿಗಳು ಬರುವುದು. ಚೆಂಡು ಹಿಡಿದು ಬಂದ ಮಕ್ಕಳನ್ನು ಗದರಿಸಿ ಕಳಿಸಿದರೆ ಅವರು ಆಡುವುದು ವಾಹನ ಓಡಾಡುವ ರಸ್ತೆಯಲ್ಲಿ, ಇದನ್ನಂತೂ ಒಪ್ಪಲು ಸಾಧ್ಯವೇ ಇಲ್ಲ.

ಈಗ ಪಾಲಿಕೆ ಒಂದು ಹೋಗಿ ಐದಾಗಿವೆ. ನಿಮ್ಮ ವಾರ್ಡಿನ ಪಾರ್ಕಿಗೆ ಮುಂದಿನ ಅನುದಾನ ಬಂದಾಗ ಎಂಜಿನಿಯರರನ್ನು ಕೇಳಿ: ಟೈಲ್ಸಿಗೆ ಎಷ್ಟು, ಗಿಡಕ್ಕೆ ಎಷ್ಟು, ಕಾವಲಿನವರ ಸಂಬಳಕ್ಕೆ ಎಷ್ಟು? ಪಾರ್ಕು ಕೈತಪ್ಪುವಾಗ ಕೇಳುವ ಹಕ್ಕು ನಿಮಗಿದೆ ಎಂದು ಸುಪ್ರೀಂ ಕೋರ್ಟೇ ಹೇಳಿದೆ; ಪಾರ್ಕಿನ ಹಣ ಖರ್ಚಾಗುವಾಗಲೂ ಕೇಳಿ.